ಹೈದರಾಬಾದಿಗೆ ಹೋದ ಡಿಸ್ಕುಗಳು

"ಹಲೋ... ಹಾಂ, ಹಲೋ. ಯಾರ್ರೀ ಮಾತಾಡೋದು? ... ಲಕ್ಷ್ಮಣ್ ಅಂದ್ರ? ... ಹಾಂ ಹಾಂ, ಹೈದರಾಬಾದಿನ ಡಿಸ್ಕ್ ರಿಪೇರಿ ಅಂಗಡಿಯವರು. ಚೆಪ್ಪಂಡಿ ಸಾರ್... ಏನಂದ್ರಿ? ಗದ್ವಾಲ ಕಡೆ ಕೆ.ಟಿ. ದೊಡ್ಡಿಯವರಾ ನೀವು? ಹಂಗಾದ್ರ ತೆಲುಗು ಯಾಕ, ಕನ್ನಡದಾಗೇ ಮಾತಾಡ್ರಲ್ಲ."

ನಾರಾಯಣಪೇಟೆಯ ತನ್ನ ಸೀರೆ ಅಂಗಡಿಯ ಒಳಕೋಣೆಯಲ್ಲಿ ಶರಣಬಸವ ಫೋನನ್ನು ಕಿವಿಗೆ ಒತ್ತಿಕೊಂಡು ಎದ್ದು ನಿಂತ. ಸುಟ್ಟುಹೋದ ಸರ್ವರ್‌ನಿಂದ ಬಿಚ್ಚಿ ಕಳಿಸಿದ್ದ ಎರಡು ಡಿಸ್ಕುಗಳು ಈ ಲಕ್ಷ್ಮಣನ ಬಳಿ ಇದ್ದವು. ಈ ಕರೆಯ ದಾರಿ ಕಾದು ಕಾದು ಅವನಿಗೆ ಬೇರೆ ಕೆಲಸವೇ ಕೈಗೆ ಹತ್ತಿರಲಿಲ್ಲ. ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದ ಅವನ ತಂದೆ ದೇವೇಂದ್ರಪ್ಪ ಮಗನ ದನಿ ಬಂದ ಕಡೆಗೆ ಮುಖ ತಿರುಗಿಸಿದರು. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ಪೂರಾ ಕಸಿದುಕೊಂಡಿತ್ತು.

"ಆತ್ರಿ, ಊಟ ಆತು. ನೀವು ಡಿಸ್ಕಿನ ಮಾತು ಹೇಳ್ರಿ. ... ಎರಡೂನಾ? ... ಅಲ್ರಿ, ಒಂದು ಕೆಟ್ರ ಇನ್ನೊಂದು ಇರತೈತಿ ಅಂತನೇ ಎರಡು ಹಾಕಿದ್ದೆ. ಒಂದರಾಗ ಇದ್ದದ್ದು ಇನ್ನೊಂದರಾಗೂ ಹಂಗೇ ಇರತೈತಿ, ಅಲ್ಲೇನ್ರಿ? ... ಹಾಂ. ... ಒಂದೇ ಏಟಿಗೆ ಎರಡೂ ಸುಟ್ರ ಏನು ಮಾಡಾಕ ಬರತೈತಿ. ಹೌದು."

ದೇವೇಂದ್ರಪ್ಪ ಜೀವಮಾನವೆಲ್ಲ ಸೀರೆಯ ಅಂಚು, ಸೆರಗುಗಳನ್ನು ಬರೆದವರು. ಚೌಕಳಿ ಕಾಗದದ ಮೇಲೆ ಅವರು ತುಂಬಿದ ಬಣ್ಣವನ್ನು ನೋಡಿಯೇ ನಾರಾಯಣಪೇಟೆ, ಮಕ್ತಲ್, ಗದ್ವಾಲದ ನೇಕಾರರು ಮಗ್ಗಕ್ಕೆ ಚಿತ್ತಾರ ತಿಳಿಸುವ ತೂತಿನ ರಟ್ಟು ಹೊಡೆಯುತ್ತಿದ್ದರು. ಆ ಕಾಗದಗಳ ಟ್ರಂಕಿಗೆ ಗೆದ್ದಲು ಹೊಕ್ಕದ್ದು ಗೊತ್ತಾದಾಗ, ಶರಣಬಸವ ಪುಡಿಯಾಗುತ್ತಿದ್ದ ಒಂದೊಂದನ್ನೂ ಅಂಗೈ ಮೇಲಿಟ್ಟು ಸ್ಕ್ಯಾನ್ ಮಾಡಿದ. ಅವುಗಳನ್ನು ಇಡಲೆಂದೇ ಸರ್ವರ್ ಕಟ್ಟಿದ. ಆಮೇಲೆ ಅಂಗಡಿಯ ಬಿಲ್ಲು, ದಾಸ್ತಾನು ಎಲ್ಲವೂ ಅದರೊಳಗೇ ಹೋದವು.

"ಯುಪಿಎಸ್ ಇತ್ರಿ, ಇಲ್ಲದೇ ಏನು. ಬ್ಯಾಸಿಗ್ಯಾಗ ಅದರ ಬ್ಯಾಟರಿ ಉಬ್ಬಿತು. ಹೊಸಾದು ಬರೋತನಕ ನೇರ ಲೈನಿಗೆ ಹಾಕಿದ್ವಿ. ... ಹಾಕಬಾರದಿತ್ತು, ಖರೇ. ಆದ್ರ ಗದ್ವಾಲದ ನಮ್ಮ ಇನ್ನೊಂದು ಅಂಗಡ್ಯಾಗ ಬಿಲ್ ಆಗವಲ್ದು ಅಂತ ಗಿರಾಕಿ ಎದ್ದು ಹೊಂಟಿದ್ರು. ... ಕರೆಂಟು ಹೋತು, ಬಂತು, ಮತ್ತ ಹೋತು. ಮತ್ತ ಬಂದಾಗ ಟಪ್ ಅಂತು. ಸುಟ್ಟ ವಾಸನಿ ಬಂತು. ಅಷ್ಟೇ."

...

"ಬ್ಯಾಕಪ್ಪಾ? ಅದೂ ಇತ್ರಿ. ಗದ್ವಾಲದಾಗ ಇನ್ನೊಂದು ಕಂಪ್ಯೂಟರ್ ಪೆಟ್ಟಿಗಿ ಇಟ್ಟಿದ್ದೆ. ದಿನಾ ಇಲ್ಲಿಂದ ಅಲ್ಲಿಗೆ ನಕಲು ಹೋಗಬೇಕು. ... ಒಂದು ದಿನಾನೂ ಹೋಗಿಲ್ರಿ. ಪೆಟ್ಟಿಗಿ ಇಟ್ಟ ದಿನಾನೇ ರಸ್ತಾ ಅಗಲ ಮಾಡೋರು ಕೇಬಲ್ ಹರಿದ್ರು. ಕೇಬಲ್ ಮತ್ತ ಕೂಡಿಸಿದ್ರು, ನೆಟ್ ಬಂತು, ನಕಲು ಮಾತ್ರ ನಿಂತಲ್ಲೇ ನಿಂತಿತ್ತು. ... ಹಸಿರು ದೀಪ ಉರೀತಿತ್ರಿ. ದೀಪ ಉರೀತೈತಿ ಅಂದ್ರ ಎಲ್ಲಾ ಸುದ್ದ ಐತಿ ಅಂದಕೊಂಡೆ. ತಗದು ನೋಡಿದ್ರ ಖಾಲಿ ಫೋಲ್ಡರ್."

ಸರ್ವರ್ ಸತ್ತ ಮರುದಿನವೇ ಅವನು ಗದ್ವಾಲಕ್ಕೆ ಬಸ್ಸು ಹತ್ತಿದ್ದ. ಪರದೆಯ ಮುಂದೆ ಕೂತು ಆ ಖಾಲಿ ಫೋಲ್ಡರನ್ನೇ ಮತ್ತೆ ಮತ್ತೆ ತೆರೆದಿದ್ದ. ವಾಪಸು ಬಂದು ತಂದೆಗೆ, "ಹೈದರಾಬಾದಿಗೆ ಕಳಿಸೀನಿ, ಸಿಗತಾವ" ಎಂದಿದ್ದ. ಆ ಮಾತಿನ ಮೇಲೆಯೇ ಮುದುಕರು ಇಷ್ಟು ದಿನ ನೆಮ್ಮದಿಯಾಗಿದ್ದರು.

"ಇಲ್ರಿ, ಕಾಗದ ಒಂದೂ ಇಲ್ಲ. ಗೆದ್ದಲು ತಿಂದು ಮಣ್ಣಾದವು. ... ನೇಯ್ದ ಸೀರಿ ಯಾರ್ಯಾರ ಮನ್ಯಾಗ ಅದಾವೋ, ಎಲ್ಲೆ ಹುಡಕಾಕ ಹೋಗ್ಲಿ? ಈಗ ಮಗ್ಗದ ಮ್ಯಾಲ ಇರೋ ನಾಲ್ಕೈದು ಅಂಚು ಉಳದಾವ. ... ಇನ್ನೊಮ್ಮೆ ಬರಸಾಕ? ಬರದ ಕೈ ಇಲ್ಲೇ ಕುಂತೈತಿ ಲಕ್ಷ್ಮಣ್ ಅವರೇ. ಕಣ್ಣಿಲ್ಲ."

...

"ಏನಂದ್ರಿ? ... ಏನೋ ಸಿಕ್ಕೈತಾ? ... ಓದ್ರಿ, ಓದ್ರಿ. ... ರುದ್ರಾಕ್ಷಿ ಸಾಲು. ಹಾಂ, ಅದು ನಮ್ದೇ. ... ಜ್ವಾಳದ ತೆನಿ. ... ಕೃಷ್ಣಾ ತೆರಿ. ಹೌದ್ರಿ, ನಾನೇ ಹೆಸರಿಟ್ಟು ಇಟ್ಟಿದ್ದೆ. ... ಗುರಮ್ಮನ ಸೆರಗು..."

ಗುರಮ್ಮ ಅವನ ತಾಯಿ. ತೀರಿಕೊಂಡು ಬಹಳ ವರ್ಷವಾಗಿತ್ತು. ಲಗ್ನದ ಸೀರೆಗಾಗಿ ದೇವೇಂದ್ರಪ್ಪ ಬರೆದ ಸೆರಗು ಅದು; ಆ ಸೀರೆಯಲ್ಲೇ ಅವಳನ್ನು ಮಣ್ಣು ಮಾಡಿದ್ದರು. ಇನ್ನೊಬ್ಬರಿಗೆ ಅದನ್ನು ನೇಯಲು ಅವರು ಎಂದೂ ಕೊಟ್ಟಿರಲಿಲ್ಲ.

ಕುರ್ಚಿಯ ಕೈ ಹಿಡಿದು ದೇವೇಂದ್ರಪ್ಪ ನೆಟ್ಟಗೆ ಕೂತರು. "ಸಿಕ್ಕವೇನೋ?" ಎಂದರು. ಮಗ ಉತ್ತರಿಸುವ ಮೊದಲೇ ಒಳಗಿದ್ದ ಸೊಸೆಯನ್ನು ಕೂಗಿದರು. "ಶಿವಗಂಗಾ, ಮಕ್ತಲ್‌ಗೆ ಫೋನ್ ಹಚ್ಚು. ಮಗ್ಗ ಖಾಲಿ ಇಡು ಅಂತ ನಮ್ಮ ಸೀರಿ ನೇಯೋ ಗುರುಲಿಂಗಮ್ಮಗ ಹೇಳು. ಕೃಷ್ಣಾ ತೆರಿ ನನಗೇ ಮರತು ಹೋಗಿತ್ತು ನೋಡು."

"ಅಪ್ಪಾ, ತಡಿ... ನಿಮಗಲ್ರಿ, ನಮ್ಮಪ್ಪಗ. ... ಹಾಂ? ... ಬರೀ ಹೆಸರಾ? ಹೆಸರಿದ್ದಲ್ಲೆ ಚಿತ್ರ ಇರಬೇಕಲ್ರಿ. ... ತಗದ್ರ ಏನು ಕಾಣತೈತಿ? ... ಬರೀ ಕರಿ. ... ಎಲ್ಲಾದ್ರಾಗೂ?"

ದೇವೇಂದ್ರಪ್ಪನವರ ಬೆರಳುಗಳು ತೊಡೆಯ ಮೇಲಿನ ಧೋತರದಲ್ಲಿ ಆಗಲೇ ಚೌಕಳಿ ಎಣಿಸುತ್ತಿದ್ದವು. "ಬಸವಾ, ನಿಮ್ಮವ್ವನ ಸೆರಗು ತಗಸು. ಅದರಾಗಿನ ನವಿಲು ಹಿಂದಕ್ಕ ಹೊಳ್ಳಿ ನೋಡತೈತೋ, ಮುಂದಕ್ಕ ನೋಡತೈತೋ? ನೋಡಿ ಹೇಳು."

ಶರಣಬಸವ ಗೋಡೆಯ ಕಡೆ ತಿರುಗಿ ದನಿ ತಗ್ಗಿಸಿದ.

"ಲಕ್ಷ್ಮಣ್ ಅವರೇ, ಗುರಮ್ಮನ ಸೆರಗು ಒಂದನ್ನ ಇನ್ನೊಮ್ಮೆ ತಗೀರಿ. ಒಂದು ಮೂಲಿ, ಒಂದು ಗೆರಿನಾದ್ರೂ... ಕಾಯ್ತೀನಿ. ... ಹಾಂ. ... ಇಲ್ಲಾ? ... ಬ್ಯಾರೆ ಕಡೆ ಒಯ್ದು ತೋರಿಸಿದ್ರ? ... ಅವರೂ ಇದನ್ನೇ ಹೇಳ್ತಾರ. ... ಗೊತ್ತಾತ್ರಿ. ನಿಮ್ಮದೇನು ತಪ್ಪು."

ಅವನು ಮಾತು ನಿಲ್ಲಿಸಿದ್ದು ತಂದೆಗೆ ಕೇಳಿಸಿತು. ಎಣಿಸುತ್ತಿದ್ದ ಬೆರಳುಗಳು ನಿಂತವು.

"ಯಾಕೋ? ನವಿಲು ಕಾಣವಲ್ದಾ?"

"ಕಾಣವಲ್ದಪ್ಪ."

"ಒಂದೂ?"

"ಒಂದೂ ಇಲ್ಲಪ್ಪ. ಹೆಸರಷ್ಟೇ ಅದಾವ."

ದೇವೇಂದ್ರಪ್ಪ ಧೋತರದ ಮೇಲಿನ ಬೆರಳುಗಳನ್ನು ಮಡಚಿಕೊಂಡರು. ಆಮೇಲೆ, ಬೈಯುವ ದನಿಯಲ್ಲಲ್ಲ, ತಿಳಿದುಕೊಳ್ಳುವವರ ಹಾಗೆ ಕೇಳಿದರು. "ಹಂಗಾದ್ರ ನಿನಗೂ ಕಾಣಂಗಿಲ್ಲೇನೋ?"

ಒಳಗೆ ಶಿವಗಂಗಾ ಮಕ್ತಲ್‌ನ ಗುರುಲಿಂಗಮ್ಮನೊಡನೆ ಖುಷಿಯಿಂದ ಮಾತಾಡುತ್ತಿರುವುದು ಕೇಳುತ್ತಿತ್ತು. ಶರಣಬಸವ ಅವಳನ್ನು ಕೂಗಿ ನಿಲ್ಲಿಸದೆ ಫೋನನ್ನು ಮತ್ತೆ ಕಿವಿಗೆ ಹಿಡಿದ.

"ಹಲೋ... ಅದೀರೇನ್ರಿ? ... ಡಿಸ್ಕ್ ಇಟಗೊಂಡು ಏನು ಮಾಡ್ಲಿ, ನೀವೇ ಒಗದುಬಿಡ್ರಿ. ... ಬ್ಯಾಡ, ಬ್ಯಾಡ. ಕಳಿಸ್ರಿ. ... ಒಂದು ಕೆಲಸ ಮಾಡ್ರಿ, ಆ ಹೆಸರು ಅಷ್ಟೂ ಓದ್ರಿ. ಸಾವಕಾಶ ಓದ್ರಿ, ಫೋನು ಅಪ್ಪನ ಕಿವ್ಯಾಗ ಹಿಡೀತೀನಿ. ... ಹಲೋ? ... ಕಟ್ ಆಗ್ತೈತ್ರಿ ನಿಮ್ಮ ದನಿ... ಯಾವ ಅಂಚು ಅಂದ್ರಿ? ... ಹಲೋ... ಲಕ್ಷ್ಮಣ್ ಅವರೇ, ಯಾವ ಅಂ..."