ಬಾವಲಿ ವಿಮಾನದವನ ದಾಹ

ಕೃಷ್ಣೆಯ ನೆರೆ ನಮ್ಮೂರು ಜುಗೂಳದ ಕೆಳಗಿನ ಓಣಿಗಳಿಗೆ ನುಗ್ಗಿ ಎರಡು ದಿನವಾಗಿತ್ತು. ಎತ್ತರದಲ್ಲಿದ್ದ ಶಾಲೆಯಲ್ಲಿ ನಾವು ಹತ್ತಿಪ್ಪತ್ತು ಮನೆಯವರು ಗಂಟುಮೂಟೆ ಇಟ್ಟುಕೊಂಡು ಕೂತಿದ್ದೆವು. ಸಂಜೆಯ ಮಳೆ ತಗಡಿನ ಮೇಲೆ ಬಡಿಯುತ್ತಿತ್ತು, ಕರೆಂಟು ಇರಲಿಲ್ಲ. ಎಪ್ಪತ್ತೆಂಟು ವರ್ಷದ ಸುಂದ್ರವ್ವ ಆಯಿ ಬೆಳಗಿನಿಂದ ಯಾರಿಗೋ ಬಯ್ಯುತ್ತಲೇ ಇದ್ದಳು. ಯಾರಿಗೆಂದು ನಾನು ಕೇಳಿದ್ದೇ ತಡ, ಸುತ್ತಲಿನವರೆಲ್ಲ ಹತ್ತಿರ ಸರಿದು ಕೂತರು.

“ಯಾರಿಗಂದ್ರ? ಆ ಇಟಲಿಯವಗ! ನಗಬ್ಯಾಡ್ರಿ... ನಕ್ಕರ ಹೇಳಂಗಿಲ್ಲ ನೋಡ್ರಿ. ನಮ್ಮಪ್ಪ ಅಣ್ಣಾಸಾಬ ಬೆಳಗಾವಿ ಪಲ್ಟನ್‌ದಾಗ ಇದ್ದ. ಎರಡನೇ ದೊಡ್ಡ ಲಡಾಯಿದಾಗ ಇಂಗ್ರೇಜರು ಅವನ್ನ ಆಫ್ರಿಕಾಕ್ಕ ಒಯ್ದಿದ್ರು, ಕೆರೆನ್ ಅನ್ನೂ ಊರಿನ ಗುಡ್ಡಕ್ಕ. ಅಲ್ಲಿ ತಲಿಮ್ಯಾಲ ಇಟಲಿಯವರ ಮೂರು ಇಂಜಿನ್ನಿನ ವಿಮಾನ ಬರ್ತಿದ್ವು. ಅವರ ಮಂದಿನ ಅದಕ್ಕ ಬಾವಲಿ ಅಂತ ಹೆಸರಿಟ್ಟಿದ್ರಂತ. ಸೆರಿ ಸಿಕ್ಕ ಇಟಲಿಯ ಮಿಸ್ತ್ರಿಯೊಬ್ಬ ಆಮ್ಯಾಲ ಅಪ್ಪಗ ಹೇಳಿದ್ನಂತ... ಮಂದಿ ಕೂಡಿಸ್ಕೊಂಡು ಹಾರೂ ವಿಮಾನಾನ ತಿದ್ದಿ, ಕುರ್ಚಿ ಇದ್ದಲ್ಲಿ ಬಾಂಬ್ ತುಂಬಿ ಇದನ್ನ ಮಾಡಿದ್ರು. ಇಥಿಯೋಪಿಯಾದಾಗ, ಸ್ಪೇನದಾಗ ಬಾಂಬ್ ಹಾಕಿ ಹಾಕಿ ಸೊಕ್ಕಿತ್ತು. ನಮ್ಮಪ್ಪ ನೋಡೂ ಹೊತ್ತಿಗೆ ಅದು ಮುದುಕಾಗಿತ್ತು, ಗಾಲಿ ಸುದ್ದಾ ಹೊಟ್ಟ್ಯಾಗ ಮಡಚಾಕ ಬರ್ತಿದ್ದಿಲ್ಲ, ಇಂಗ್ರೇಜರ ಸಣ್ಣ ವಿಮಾನ ಬೆನ್ನು ಹತ್ತಿದ್ರ ಓಡಾಕ ಆಗ್ತಿದ್ದಿಲ್ಲ... ಆದ್ರೂ ಬಾಂಬ್ ಬಾಂಬ್ ಅಲ್ಲೇನ? ಒಂದಿನ ಮುಂಜಾನೆ ಅಪ್ಪನ ಜೋಡಿ ಒಂದ ತಾಟಿನ್ಯಾಗ ಉಣ್ಣೂ ಅಕ್ಕೋಳದ ಧರೆಪ್ಪನ ಮ್ಯಾಲ ಬಿತ್ತು. ಹೆಣ ಅಂತ ಎತ್ತಾಕ ಏನೂ ಸಿಗಲಿಲ್ಲ.”

ಆಯಿ ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಅದ ದಿನ ಮಧ್ಯಾಹ್ನ ಅಂಥದ್ದೊಂದು ವಿಮಾನ ಉರುಳಿಬಿತ್ತು. ಅಪ್ಪ ಓಡಿದ. ಒಳಗ ಒಬ್ಬ ಇನ್ನೂ ಜೀವಂತ ಇದ್ದ, ಕಾಲು ಸಿಕ್ಕೊಂಡಿದ್ವು. ಬೊಗಸಿ ಚಾಚಿ ‘ಆಕ್ವಾ, ಆಕ್ವಾ’ ಅಂದ. ನೀರು ಅಂತ ತಿಳಿಯಾಕ ಭಾಷಾ ಬೇಕೇನ್ರಿ? ಅಪ್ಪನ ಸೊಂಟದಾಗ ಬಾಟ್ಲಿ ತುಂಬಿತ್ತು. ಏನ್ ಮಾಡಿದ ಗೊತ್ತೈತಿ? ಅವನ ಎದುರಿಗೇ ನಿಂತು ತಾನ ಒಂದ ಗುಟುಕು ಕುಡದು, ಮುಚ್ಚಳ ಹಾಕಿ ಹೊಳ್ಳಿ ನಡದ. ಹತ್ತು ಹೆಜ್ಜಿ ಹ್ವಾದಮ್ಯಾಲ ಮುಚ್ಚಳ ತಗದ. ತಿರುಗಿ ಓಡಿದ... ಅವನ ಕಣ್ಣು ತೆರದ ಇದ್ವು, ಜೀವ ಇರಲಿಲ್ಲ.

ಲಡಾಯಿ ಮುಗಿದು ಅಪ್ಪ ಊರಿಗೆ ಬಂದ. ಎಂಟು ದಿನಕ್ಕ ಆ ಸತ್ತಾಂವನೂ ಬಂದ! ನಮ್ಮ ಹಿತ್ತಲದಾಗ, ಚರ್ಮದ ಟೊಪ್ಪಿಗಿ ಹಾಕ್ಕೊಂಡು, ಬೊಗಸಿ ಚಾಚಿ... ‘ಆಕ್ವಾ.’ ನಾ ಸಣ್ಣಾಕಿ ಇದ್ದಾಗ ಹಾಡಹಗಲ ನೋಡೇನಿ. ಅಪ್ಪ ದಿನಾ ತಂಬಿಗಿ ಒಯ್ದು ಸುರವ್ತಿದ್ದ. ನೀರು ಆ ಕೈಯಾಗಿಂದ ಹಾದು ನೆಲಕ್ಕ ಬೀಳ್ತಿತ್ತು. ಅವ್ವ ರೋಸಿಹೋಗಿ, ‘ಹೊಳಿ ಅಲ್ಲೇ ಐತಲ್ಲೋ, ಹೋಗಿ ಕುಡಿ!’ ಅಂತ ಕಸಬರಗಿ ಎತ್ತತಿದ್ದಳು. ಅಪ್ಪ ಸಾಯೂ ಮುಂದ ಅವ್ವ ಅವನ ಬಾಯಾಗ ನೀರು ಬಿಟ್ಟಳು... ಒಂದ ಹನಿ ಒಳಗ ಇಳೀಲಿಲ್ರಿ.

ಅಪ್ಪನ ಜೋಡಿ ಇವನೂ ಹೋದಾನು ಅಂದ್ಕೊಂಡಿದ್ದೆ. ಎಲ್ಲಿ ಹೋಗ್ತಾನ! ಎಂಬತ್ತು ವರ್ಷ ಆಗಾಕ ಬಂತು, ಏನ್ ಕಾಟಪಾ ಇದು? ಮೊನ್ನೆ ಅಮೋಲ ನನ್ನ ದೋಣ್ಯಾಗ ಕೂಡಿಸ್ಕೊಂಡು ಬರೂ ಮುಂದ ಹೊಳ್ಳಿ ನೋಡಿದೆ... ಹಿತ್ತಲದಾಗ ಎದಿಮಟ ನೀರಾಗ ನಿಂತಾನ, ಸುತ್ತಲೂ ಕೃಷ್ಣಿ, ಆದ್ರೂ ‘ಆಕ್ವಾ’! ‘ಬಗ್ಗಿ ಕುಡಿಯೋ ಹುಚ್ಚಾ’ ಅಂತ ಚೀರಿದೆ. ಬಗ್ಗಲಿಲ್ಲ.”

ದೋಣಿ ನಡೆಸುವ ಅಮೋಲ ಅಲ್ಲೇ ಕೂತಿದ್ದ. “ಹೌದ್ರಿ, ಆಯಿ ಚೀರಿದ್ಳು. ನನಗ ಅಲ್ಲಿ ಯಾರೂ ಕಾಣಲಿಲ್ಲ” ಎಂದ.

“ಕಾಣಲಿಕ್ಕಿಲ್ಲ. ನಾಳೆ ದನಕ್ಕ ಮೇವು ಒಯ್ಯಾಕ ಅದ ಓಣಿಗೆ ಹೋಗಾವ ಅಲ್ಲೇನು ನೀ? ದೋಣಿಗಿ ಯಾರರ ಅಡ್ಡ ಬೊಗಸಿ ಚಾಚಿದ್ರ, ಯಾವ ಊರು, ಯಾರ ಪೈಕಿ ಅಂತ ಕೇಳಬ್ಯಾಡ. ನೀರು ಕೊಟ್ಟ ಬಿಡು. ನಮ್ಮ ರಕ್ತದವರ ಕೈಯಿಂದ ಅಂವಗ ಕುಡಿಯಾಕ ಆಗೂದಿಲ್ಲ... ನಿನ್ನ ಕೈಯಿಂದರ ಆದೀತು. ಆಗ್ದಿದ್ರ, ತಮ್ಮಾ, ಹಿಂದ ತಿರುಗಿ ನೋಡದ ಬಾ, ಇಲ್ಲಂದ್ರ ನಿನ್ನ ಹಿತ್ತಲಕ್ಕೂ ಬಂದಾನು.”