ಎಡಮುರಿ ಹುಳುಗಳು ಮತ್ತು ನಾನು

ಮಾನ್ಯ ಅಧ್ಯಕ್ಷರೇ, ಮೂರು ಭಾಷಣ ಕೇಳಿದ ಮೇಲೂ ಎದ್ದುಹೋಗದ ಅತಿಥಿಗಳೇ, ಇಂದು ಸಂಸ್ಥೆಯಿಂದ ನಿವೃತ್ತಳಾಗುತ್ತಿದ್ದರೂ ನನ್ನನ್ನು ಆಳುವ ಕೆಲಸದಿಂದ ನಿವೃತ್ತಳಾಗುವ ಯಾವ ಲಕ್ಷಣವನ್ನೂ ತೋರದ ನನ್ನ ಹೆಂಡತಿಯೇ, ಮತ್ತು ಸಭಿಕರೇ,

ನಾನು ವಿಜ್ಞಾನಿಯಲ್ಲ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವನು. ಎರಡು ಮಾತು ಆಡಿ ಎಂದು ಕರೆದಿದ್ದಾರೆ. ಎರಡು ಎಂದರೆ ಎಷ್ಟೆಂದು ಗಣಿತದ ಮೇಷ್ಟ್ರಿಗೆ ಗೊತ್ತು. ಮೈಕ್ ಸಿಕ್ಕ ಗಂಡನಿಗೆ ಗೊತ್ತಿರುವುದಿಲ್ಲ.

ಈಗಷ್ಟೇ ಅಭಿನಂದನಾ ಪತ್ರ ಓದಿದರು. "ಅದಮ್ಯ ಕುತೂಹಲದಿಂದ ಜೀವವಿಕಾಸದಿಂದ ಪರಿಸರ ವಿಜ್ಞಾನಕ್ಕೂ, ಅಲ್ಲಿಂದ ಸೋಂಕು ರೋಗಗಳಿಗೂ ಜಿಗಿದವರು" ಎಂದು. ಯಾರು ಸ್ವಾಮಿ ಬರೆದದ್ದು? ಅವಳು ಎಲ್ಲಿ ಜಿಗಿದಳು? ಹಿಂದಿನಿಂದ ತಳ್ಳಿದರು. ತಳ್ಳಿದವನು ನಿಮ್ಮ ಮುಂದೆಯೇ ನಿಂತಿದ್ದಾನೆ.

ಮದುವೆಯಾದ ಹೊಸದರಲ್ಲಿ ಅವಳು ನೀರಿನ ಬಸವನಹುಳು ಸಾಕುತ್ತಿದ್ದಳು. ಆ ಜಾತಿಯ ಹುಳುವಿನ ಚಿಪ್ಪು ಬಲಕ್ಕೆ ಸುತ್ತಿರುತ್ತದೆ. ಸಾವಿರಾರು ಹುಳುಗಳಲ್ಲಿ ಎಲ್ಲೋ ಒಂದು ಎಡಮುರಿ. ಅಂಥವನ್ನೇ ಹುಡುಕಿ ತಂದು ತಳಿ ಬೆಳೆಸುತ್ತಿದ್ದಳು. ಸಂಸ್ಥೆಯಲ್ಲಿ ಜಾಗವಿಲ್ಲವೆಂದು ಅವು ನಮ್ಮ ಸ್ನಾನದ ಟಬ್ಬಿಗೆ ಬಂದವು. ನಾನು ಒಂದು ವರ್ಷ ಟಬ್ಬಿನ ಪಕ್ಕದ ಎರಡಡಿ ಜಾಗದಲ್ಲಿ ಒಂಟಿಕಾಲಲ್ಲಿ ನಿಂತು ಮಿಂದೆ. ಸೊಪ್ಪು ತಂದರೆ ಎಳೆ ಎಲೆ ಅವಕ್ಕೆ, ದಂಟು ನನಗೆ.

ಅದನ್ನೆಲ್ಲ ಸಹಿಸಿದೆ. ಆದರೆ ಒಂದು ಸಂಜೆ ಮುಖ್ಯೋಪಾಧ್ಯಾಯರ ಹುದ್ದೆಯ ಪರೀಕ್ಷೆಯ ಫಲಿತಾಂಶ ಹಿಡಿದು ಮನೆಗೆ ಓಡಿಬಂದೆ. "ಪಾಸಾದೆ ಕಣೇ!" ಎಂದು ಕೂಗಿದೆ. ಟಬ್ಬಿನ ಮೇಲೆ ಬಗ್ಗಿದ್ದವಳು ತುಟಿಗೆ ಬೆರಳಿಟ್ಟು, "ಶ್! ಮೊಟ್ಟೆ ಇಡ್ತಿವೆ" ಅಂದಳು.

ಸಭಿಕರೇ, ಬಸವನಹುಳುವಿಗೆ ಕಿವಿಯೇ ಇಲ್ಲ. ಆಮೇಲೆ ಪುಸ್ತಕ ನೋಡಿ ತಿಳಿದುಕೊಂಡೆ.

ಮರುದಿನ ಅವಳು ಕೆಲಸಕ್ಕೆ ಹೋದ ಮೇಲೆ ಅಷ್ಟೂ ಹುಳುಗಳನ್ನು ಬಕೆಟ್ಟಿಗೆ ತುಂಬಿ, ನಮ್ಮ ವಸತಿಗೃಹದ ಹಿಂದಿನ ಕೊಳಕ್ಕೆ ಸುರಿದೆ. "ಏನೋ ರೋಗ ಬಂದು ಸತ್ತವು, ಎಸೆದುಬಿಟ್ಟೆ" ಎಂದೆ. ಅವಳು ಅತ್ತಳು. ನಾನು ಟಬ್ಬಿನಲ್ಲಿ ಕಾಲು ಚಾಚಿ ಸ್ನಾನ ಮಾಡಿದೆ. ಸುಖವಾಗಿತ್ತು, ಸುಳ್ಳೇಕೆ ಹೇಳಲಿ?

ಆರು ವರ್ಷದ ನಂತರ ಒಂದು ಭಾನುವಾರ ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಒಳಗೆ ಬಂದಳು. "ರೀ, ಎಡಮುರಿ! ನಮ್ಮ ಹಿಂದಿನ ಕೊಳದಲ್ಲೇ! ಒಂದಲ್ಲ ಎರಡಲ್ಲ, ನೂರಾರು!"

ನನ್ನ ಕೈಯಲ್ಲಿದ್ದ ಕಾಫಿ ಲೋಟ ಅಲ್ಲೇ ನಿಂತಿತು. ಅರ್ಧ ಕುಡಿದ ಲೋಟವನ್ನೇ ತೊಳೆಯಲು ಒಳಗೆ ಹೋದೆ. ಎರಡು ವರ್ಷ ಅವಳು ಅಳೆದಳು, ಎಣಿಸಿದಳು. ಆ ಕೊಳದಲ್ಲಿ ಜೀವವಿಕಾಸದ ಹೊಸ ಕವಲೊಂದು ತಾನಾಗಿಯೇ ಒಡೆಯುತ್ತಿದೆ ಎಂದು ಪ್ರಬಂಧ ಬರೆದಳು. ಅಚ್ಚಿಗೆ ಒಪ್ಪಿಗೆಯೂ ಬಂತು. ಅವಳ ಬಡ್ತಿ ಆ ಪ್ರಬಂಧದ ಮೇಲೇ ನಿಂತಿತ್ತು. ಕೋಷ್ಟಕಗಳನ್ನು ತಿದ್ದಿಕೊಡಲು ನನ್ನ ಮುಂದಿಟ್ಟಳು. ಕೂಡಿಸಿದ್ದೆಲ್ಲ ಸರಿಯಿತ್ತು. ಅಷ್ಟು ಸರಿಯಾದ ಲೆಕ್ಕ ನೋಡಿ ಅಷ್ಟು ಹೆದರಿದ್ದು ಅದೇ ಮೊದಲು.

"ಅವು ತಾವಾಗಿ ಬಂದಿದ್ದಲ್ಲ ಕಣೇ" ಅಂದೆ. "ನಾನೇ ಸುರಿದಿದ್ದು."

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಮರುದಿನ ಬೆಳಗ್ಗೆಯೇ ಪ್ರಬಂಧ ವಾಪಸು ಪಡೆದಳು. ಕಾರಣ ಏನೆಂದು ಸಂಸ್ಥೆಗೆ ಹೇಳುವಾಗ ನನ್ನ ಹೆಸರೆತ್ತಲಿಲ್ಲ. ತನ್ನ ಅಜಾಗ್ರತೆ ಎಂದಷ್ಟೇ ಬರೆದಳಂತೆ. ಬಡ್ತಿ ಪಕ್ಕದ ಕೋಣೆಯವರಿಗೆ ಹೋಯಿತು. ಅವರೇ ಇಂದಿನ ನಮ್ಮ ಅಧ್ಯಕ್ಷರು. ಅಭಿನಂದನೆಗಳು ಸಾರ್, ಸ್ವಲ್ಪ ತಡವಾಯಿತು.

ಹನ್ನೊಂದು ದಿನ ಮನೆಯಲ್ಲಿ ಮಾತಿಲ್ಲ. ಹನ್ನೆರಡನೆಯ ದಿನ ತಟ್ಟೆ ತೊಳೆಯುತ್ತಿದ್ದವನ ಹಿಂದೆ ಬಂದು ನಿಂತಳು. "ಎಷ್ಟು ಸುರಿದ್ರಿ? ಯಾವ ತಾರೀಖು? ಯಾವ ದಡದಲ್ಲಿ?"

"ನಲವತ್ತಮೂರು" ಎಂದೆ. ಸುರಿಯುವಾಗಲೂ ಎಣಿಸಿದ್ದೆ, ಮೇಷ್ಟ್ರ ಚಾಳಿ. ತಾರೀಖು, ಪಾಸಾದ ಮರುದಿನ. ಮರೆಯಲು ಸಾಧ್ಯವೇ?

ಹೊರಗಿನ ಜೀವಿ ಒಂದು ಕೊಳದಲ್ಲಿ ಹೇಗೆ ನೆಲೆಯೂರುತ್ತದೆ ಎಂದು ಮೊದಲ ದಿನದಿಂದ ಲೆಕ್ಕ ಹಿಡಿಯಲು ಹಾಗೆ ಅವಳಿಗೆ ದಾರಿ ಸಿಕ್ಕಿತು. ಅದೇ ನೀವೆಲ್ಲ ಹೊಗಳುವ ಪರಿಸರ ವಿಜ್ಞಾನ. ಆ ಪ್ರಬಂಧದಲ್ಲಿ "ತರಬೇತಿಯಿಲ್ಲದ ವ್ಯಕ್ತಿಯೊಬ್ಬ" ಎಂದು ಒಬ್ಬನ ಉಲ್ಲೇಖವಿದೆ. ವಿಜ್ಞಾನಕ್ಕೆ ನನ್ನ ಕೊಡುಗೆ ಅಷ್ಟು.

ಪ್ರಾಯಶ್ಚಿತ್ತವೆಂದು ಪ್ರತಿ ಭಾನುವಾರ ನಾನೂ ನೀರಿಗಿಳಿದು ಎಣಿಸತೊಡಗಿದೆ. ಕಾಲಿನ ತುಂಬ ಗುಳ್ಳೆ, ತಡೆಯಲಾರದ ತುರಿಕೆ. ಒಬ್ಬ ಡಾಕ್ಟರು ಸೋಪು ಬದಲಾಯಿಸಿ ಅಂದರು. ಇನ್ನೊಬ್ಬರು ದನಿ ತಗ್ಗಿಸಿ, "ಮನೇಲಿ ಎಲ್ಲಾ ಚೆನ್ನಾಗಿದ್ದೀರಾ?" ಅಂದರು. ಇವಳು ಮಾತ್ರ ಭೂತಗನ್ನಡಿ ಹಿಡಿದು ನನ್ನ ಕಾಲನ್ನು ಮದುವೆಯಲ್ಲೂ ನೋಡದಷ್ಟು ಆಸೆಯಿಂದ ನೋಡಿದಳು. ಕೊಳದ ಹುಳುಗಳನ್ನು ಗಾಜಿನ ಲೋಟದ ನೀರಲ್ಲಿ ಬಿಟ್ಟು ಬಿಸಿಲಿಗಿಟ್ಟಳು. ಕಣ್ಣಿಗೆ ಕಂಡೂ ಕಾಣದಂಥ ಕ್ರಿಮಿಗಳು ಅವುಗಳ ಮೈಯಿಂದ ಹೊರಬಂದವು.

"ಇವು ಬಾತುಕೋಳಿಯ ಕ್ರಿಮಿ. ನಿಮ್ಮ ಕಾಲನ್ನ ಬಾತುಕೋಳಿ ಅಂದ್ಕೊಂಡಿವೆ. ಒಳಗೆ ಹೋಗಿ ಸತ್ತೋಗ್ತವೆ, ಪಾಪ" ಅಂದಳು. ಪಾಪ ಅಂದದ್ದು ಕ್ರಿಮಿಗೆ.

ನಗಬೇಡಿ. ನಾನು ಆ ಹೊತ್ತು ನಗಲಿಲ್ಲ. ನನ್ನ ತರಗತಿಯ ಮಕ್ಕಳು ವರ್ಷಗಳಿಂದ ಹಾಗೆಯೇ ತುರಿಸಿಕೊಳ್ಳುತ್ತಿದ್ದರು. ನಾನು ಹುಳು ಸುರಿಯುವುದಕ್ಕೂ ಮೊದಲಿನಿಂದ. "ಕೊಳಕರಾ, ಮೈ ತೊಳ್ಕೊಂಡು ಬನ್ನಿ" ಎಂದು ಅವರನ್ನು ಹೊರಗೆ ಕಳಿಸುತ್ತಿದ್ದವನು ನಾನೇ. ಅವರು ಹೋಗಿ ಶಾಲೆಗೂ ಹತ್ತಿರವಿದ್ದ ಅದೇ ಕೊಳದಲ್ಲಿ ತೊಳೆದುಕೊಂಡು ಬರುತ್ತಿದ್ದರು! ಇವಳು ಮನೆಮನೆಗೆ ಹೋಗಿ ಅವರ ಕಾಲು ನೋಡಿದಳು, ಕೊಳಕ್ಕೆ ಬೇಲಿ ಹಾಕಿಸಿದಳು. ಮರುವರ್ಷ ತರಗತಿಯಲ್ಲಿ ಯಾರೂ ತುರಿಸಿಕೊಳ್ಳಲಿಲ್ಲ. ಸೋಂಕು ರೋಗದ ಕೆಲಸ ಶುರುವಾದದ್ದು ಹಾಗೆ.

ಕಳೆದ ವಾರ ಅವಳ ಕೋಣೆ ಖಾಲಿ ಮಾಡುತ್ತಿದ್ದೆವು. ತಡೆಯಲಾಗದೆ ಕೇಳಿಬಿಟ್ಟೆ, "ನಾನು ಅವತ್ತು ಸುರೀದೆ ಇದ್ದಿದ್ರೆ ನೀನು ಏನಾಗಿರ್ತಿದ್ದೆ?" ಒಳ್ಳೆಯದೇ ಆಯ್ತು ಬಿಡಿ ಅನ್ನುತ್ತಾಳೆಂದು ಎಣಿಸಿದ್ದೆ.

"ಒಂದೇ ವಿಷಯ ಹಿಡಿದು ಕೊನೆ ಮುಟ್ಟಿಸಿರ್ತಿದ್ದೆ" ಅಂದಳು. "ನಂಗೆ ಅದೇ ಇಷ್ಟ ಇತ್ತು."

ಅವಳು ಕಟ್ಟಿದ್ದ ಪುಸ್ತಕದ ಪೆಟ್ಟಿಗೆಗೆ ಇನ್ನೊಂದು ಕಡೆಯಿಂದ ಕೈ ಕೊಟ್ಟೆ. ಇಬ್ಬರೂ ಮೂರು ಮಹಡಿ ಇಳಿದೆವು. ಇಳಿಯುವಾಗ ಅವಳು ಎರಡು ಸಲ "ಜೋಪಾನ" ಅಂದಳು. ಪೆಟ್ಟಿಗೆಗೋ, ನನಗೋ, ನಾನು ಕೇಳಲಿಲ್ಲ.

ಇಷ್ಟು ಹೊತ್ತು ಮೈಕ್ ಕಿತ್ತುಕೊಳ್ಳದ ಅಧ್ಯಕ್ಷರಿಗೂ, ಕೇಳಿದ ನಿಮಗೂ, ಮುಂದಿನ ಸಾಲಿನಿಂದ ನನ್ನನ್ನೇ ದುರುಗುಟ್ಟಿ ನೋಡುತ್ತಿರುವ ಅವಳಿಗೂ ವಂದನೆಗಳು. ನಮಸ್ಕಾರ.