ಬೇಕರಿಯವನ ಡೌಟು

...ಹಾಗಲ್ಲ ಮೇಷ್ಟ್ರೇ, ಬಾಯಿ ತೆಗೀಬೇಡಿ, ನೊರೆ ಒಳಗೆ ಹೋಗುತ್ತೆ. ಉತ್ತರ ಎಲ್ಲ ಮುಖ ಒರೆಸಿದ ಮೇಲೆ ಹೇಳೋರಂತೆ. ದಿನಾ ಕ್ಲಾಸಲ್ಲಿ ನೀವು ಹೇಳೋದು, ಮಕ್ಕಳು ಕೇಳೋದು ಇದ್ದೇ ಇದೆ. ಇವತ್ತು ನಾನು ಹೇಳ್ತೀನಿ, ನೀವು ಕೇಳಿ.

ಡೌಟು ನಂದಲ್ಲ, ಬೇಕರಿಯವನದು. ಪಾಪ, ಯಾರಿಗೋ ಹುಟ್ಟುಹಬ್ಬದ ಕಾರ್ಡ್ ಕೊಡಬೇಕಂತೆ. ಒಂದೇ ಸಾಲು, ಇಂಗ್ಲಿಷಲ್ಲಿ. ನಮ್ಮ ಭಾಷೇಲೇ ಬರಿಯೋ ಅಂದೆ. 'ಅದ್ರಲ್ಲಿ ಬರೆದ್ರೆ ನಾನೇ ಹೇಳಿದ ಹಾಗಾಗುತ್ತೆ, ನಾಚಿಕೆ. ಇಂಗ್ಲಿಷಲ್ಲಾದ್ರೆ ಬೇರೆ ಯಾರೋ ಹೇಳಿದ ಹಾಗಿರುತ್ತೆ' ಅಂದ. ಅದೂ ಸರೀನೇ ಅನ್ನಿಸ್ತು.

ಫಾಂಡ್ ಅಂತ ಪದ ಇದೆಯಲ್ಲ, ತುಂಬ ಇಷ್ಟ ಅಂತ ಅರ್ಥ. ಅದಾದ ಮೇಲೆ ಆಫ್ ಹಾಕೋದೋ, ಆನ್ ಹಾಕೋದೋ? ನಮ್ಮಂಗಡಿ ಪದ್ಧತಿ ಗೊತ್ತಲ್ಲ, ಡೌಟು ಬಂದ್ರೆ ಕಾಯ್ತಾ ಕೂತವರ ಕೈ ಎತ್ತಿಸೋದು. ಟೈಲರ್ ಎದ್ದು ನಿಂತು, 'ಪ್ರೀತಿ ಯಾವತ್ತೂ ಒಬ್ಬರ ಮೇಲೆ ತಾನೆ ಇರೋದು? ಮೇಲೆ ಅಂದ್ರೆ ಆನ್' ಅಂದ. ಎಲ್ರೂ ಕೈ ಎತ್ತಿದ್ರು. ಆಫ್ ಕಡೆ ಪೋಸ್ಟ್‌ಮನ್ ಒಬ್ಬರೇ. 'ಅದು ಫ್ಯಾನ್ ನಿಲ್ಲಿಸೋಕೆ' ಅಂತ ಅವರ ಬಾಯಿ ಮುಚ್ಚಿಸಿದ್ರು.

ಯಾಕೆ ನಗ್ತೀರಿ? ಕತ್ತಿ ಕೆನ್ನೆ ಮೇಲಿದೆ. ಬೆರಳು ಬೇರೆ ಆಡಿಸ್ತೀರಾ... ಅಂದ್ರೆ ಆನ್ ತಪ್ಪಾ? ಸದ್ಯ, ಇನ್ನೂ ಬರೆದಿಲ್ಲ ನಾ... ನಾನೇ ತಡೆದಿದೀನಿ ಅವನನ್ನ.

ಹೋದ ಸಲ ನೀವೇ ಹೇಳಿದ್ರಿ, ಆ ಫಾಂಡ್ ಪದಕ್ಕೆ ಹಿಂದಿನ ಕಾಲದಲ್ಲಿ ಪೆದ್ದ ಅನ್ನೋ ಅರ್ಥ ಇತ್ತು ಅಂತ. ಅವತ್ತಿಂದ ಅವನಿಗೆ ಊಟ ಸೇರ್ತಿಲ್ಲ. ತಲೆ ನರೆತ ಗಂಡಸು, ಹೆಂಡತಿ ತೀರಿಕೊಂಡು ಎಷ್ಟೋ ವರ್ಷ ಆಯ್ತು, ಈಗ ಈ ಹುಚ್ಚು ಅಂದ್ರೆ ಜನ ಪೆದ್ದ ಅನ್ನದೆ ಇನ್ನೇನಂತಾರೆ? ಗದ್ದ ಎತ್ತಿ.

ಅವನದೂ ತಪ್ಪಿಲ್ಲ ಬಿಡಿ. ಆಕೆ ಅಂಗಡೀಲಿ ಮಾತ್ರೆ ಶೀಟು ಕತ್ತರಿಸುವಾಗ ನಾಲಿಗೆ ತುದಿ ಕಚ್ಕೋತಾರೆ, ಚಿಕ್ಕ ಮಕ್ಕಳ ಹಾಗೆ. ವಯಸ್ಸಾದವರು ಬಂದ್ರೆ ಯಾವುದು ಊಟಕ್ಕೆ ಮುಂಚೆ, ಯಾವುದು ಆಮೇಲೆ ಅಂತ ಬೇಜಾರಿಲ್ಲದೆ ಮತ್ತೆ ಮತ್ತೆ ಹೇಳ್ತಾರೆ. ನೋಡ್ತಾ ಇದ್ರೆ ಹೊತ್ತು ಹೋಗಿದ್ದೇ ಗೊತ್ತಾಗಲ್ಲ.

ಹುಬ್ಬು ಯಾಕೆ ಮೇಲೆ ಹೋಯ್ತು? ಬೇಕರಿ ತಿರುವಿನಾಚೆ, ಅಲ್ಲಿಂದ ಮೆಡಿಕಲ್ ಶಾಪ್ ಹೇಗೆ ಕಾಣುತ್ತೆ ಅಂತಾನಾ? ಅವನು... ಇಲ್ಲಿಗೆ ಬಂದು ಕೂತ್ಕೋತಾನೆ. ಆಗಾಗ.

ಸರಿ, ಒರೆಸಿದ್ದಾಯ್ತು. ಈಗ ಧಾರಾಳವಾಗಿ ಮಾತಾಡಿ.

ಮೇಷ್ಟ್ರೇ? ನೊರೆ ಇಲ್ಲ, ಕತ್ತಿ ಇಲ್ಲ, ಮಾತಾಡಿ. ಕನ್ನಡಿ ಯಾಕೆ ಹಾಗೆ ನೋಡ್ತೀರಿ? ಹೌದು, ಸ್ವಲ್ಪ ವಾರೆಯಾಗಿದೆ. ಬೆಳಕಿಗೆ ಅಂತ ತಿರುಗಿಸಿದ್ದು. ಹೌದು, ರಸ್ತೆಯಾಚೆ ನಿಮ್ಮಕ್ಕನ ಅಂಗಡಿ ಕಾಣುತ್ತೆ. ಪೂರ್ತಿ ಏನಿಲ್ಲ, ಅವರು ಬಗ್ಗಿದಾಗ ಮಾತ್ರ ಮುಖ, ಎದ್ದು ನಿಂತ್ರೆ ಕುತ್ತಿಗೆವರೆಗೆ ಅಷ್ಟೆ...

ಏನಾದ್ರೂ ಅನ್ನಿ. ಬೈದ್ರೂ ಪರವಾಗಿಲ್ಲ. ನಿಮ್ಮನ್ನ ಸಾಕಿ ಓದಿಸಿದವರು, ತಮಗಂತ ಏನೂ ಮಾಡ್ಕೊಳ್ಳಲಿಲ್ಲ, ಗೊತ್ತು. ನೀವು ಬೇಡ ಅಂದ್ರೆ ಅವರ ಕಡೆಯಿಂದಲೂ ಮುಗಿದ ಹಾಗೇ, ಅದೂ ಗೊತ್ತು. ಅದಕ್ಕೇ ಹೆದರಿಕೆ.

ಬೇಕರಿಯವನ ಹೆಂಡತಿ ಗುಂಡುಕಲ್ಲಿನ ಹಾಗಿದಾಳೆ. ಡೌಟು ನಂದೇ. ನಿಮ್ಮಕ್ಕ ಅಂದ್ರೆ ನನಗೆ ತುಂಬ ಇಷ್ಟ. ನೇರ ತಿರುಗಿ ನೋಡೋಕೆ ಧೈರ್ಯ ಸಾಲದೆ ಕನ್ನಡೀಲಿ ನೋಡ್ತಿದ್ದೆ.

ನೋಡಿ, ನಮ್ಮ ಭಾಷೇಲಿ ಎಷ್ಟು ಬೇಗ ಮುಗೀತು.

ಅಯ್ಯೋ, ಕನ್ನಡಿಗೆ ಯಾಕೆ ಕೈ ಹಾಕಿದ್ರಿ? ತಿರುಗಿಸಬೇಡಿ ಮೇಷ್ಟ್ರೇ, ನನಗಿರೋದು ಅಷ್ಟೇ... ಇರಿ. ಮೇಲಕ್ಕೆ ಎತ್ತಿದ್ರಾ? ಈಗ ನಿಂತಾಗಲೂ ಮುಖ ಕಾಣ್ತಿದೆಯಲ್ಲ. ಅವರು ಈ ಕಡೆಗೇ ನೋಡ್ತಿದಾರೆ.

ದಿನಾ ಹೀಗೇ ನೋಡ್ತಾರಾ ಮೇಷ್ಟ್ರೇ?

...ಯಾಕೆ ನಗ್ತೀರಿ?